ಕಪ್ಪತಗುಡ್ಡದ ಪದರಗಳು: ಮೂರನೇ ರವಿವಾರ

ಕಲ್ಲಿನ ಪದರಗಳು ಯಾವ ಕಡೆಗೆ ಚಾಚಿವೆ ಅಂತ ಹೋದ ವಾರ ಕಂಪಾಸಿನಿಂದ ಅಳೆದು ಬರೆದುಕೊಂಡಿದ್ದ ದಿಕ್ಕುಗಳನ್ನೆಲ್ಲ ಇವತ್ತು ಹೊಡೆದು ಹಾಕಿದೆ. ಹನ್ನೊಂದು ಅಳತೆ, ಹನ್ನೊಂದೂ ದಂಡ.

ಜಾಗ ಅದೇ, ಡೋಣಿ ಊರಿನ ಕಡೆಗೆ ರಸ್ತೆಗಾಗಿ ಕಡಿದ ದಂಡೆ. ಗುಡ್ಡ 2019ರಿಂದ ವನ್ಯಜೀವಿ ಧಾಮ, ಹಾಗಾಗಿ ಒಳಗೆ ಸುತ್ತಿಗೆ ಎತ್ತೋದಿಲ್ಲ. ಇಲ್ಲಿ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅದಕ್ಕೇ ಕೆಳಗಿಂದ ಮೇಲಕ್ಕಲ್ಲ, ಎಡದಿಂದ ಬಲಕ್ಕೆ ಟೇಪ್ ಹಿಡಿದು ಚಿತ್ರ ಬರೆಯುತ್ತೇನೆ. ಮೊದಲು ಬೂದಿ ಬಣ್ಣದ ಫಿಲೈಟ್ (ಜೇಡಿ ಮಣ್ಣು ಒತ್ತಡಕ್ಕೆ ಸಿಕ್ಕಿ ಆದ, ತೆಳು ಹಾಳೆಗಳಾಗಿ ಬಿಡುವ ಕಲ್ಲು), ಆಮೇಲೆ ಕೆಂಪು-ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು, ಮತ್ತೆ ಫಿಲೈಟ್.

ಎಡವಿದ್ದು ಆ ಪಟ್ಟೆ ಕಲ್ಲಿನ ಹತ್ತಿರ. ಹತ್ತು ಹೆಜ್ಜೆಯೊಳಗೆ ಒಂದೇ ಪದರದ ದಿಕ್ಕು 310, 345, 20 ಡಿಗ್ರಿ ಅಂತ ಬಂದಿತ್ತು. ಪದರ ಮಡಚಿಕೊಂಡಿದೆ ಅಂತ ಖುಷಿಯಿಂದ ಬರೆದುಕೊಂಡಿದ್ದೆ! ಇವತ್ತು ಕಂಪಾಸನ್ನು ಕಪ್ಪು ಪಟ್ಟೆಗೆ ತಾಗಿಸಿದರೆ ಮುಳ್ಳು ಗಿರ್ರನೆ ತಿರುಗಿತು. ಮ್ಯಾಗ್ನೆಟೈಟ್, ಅಯಸ್ಕಾಂತದ ಗುಣವಿರೋ ಕಬ್ಬಿಣದ ಅದಿರು. ಮೊಬೈಲ್ ಕಂಪಾಸಿನದೂ ಅದೇ ಗತಿ. ಪದರ ಎಷ್ಟು ವಾಲಿದೆ ಅನ್ನೋ ಲೆಕ್ಕ ಮಾತ್ರ ಉಳಿಯಿತು, ವಾಲಿಕೆ ಅಳೆಯೋ ಕ್ಲಿನೋಮೀಟರಿಗೆ ಅಯಸ್ಕಾಂತದ ಹಂಗಿಲ್ಲ.

ಈಗ ದೂರದ ಒಂದು ಗಾಳಿ ಯಂತ್ರದ ಕಂಬವನ್ನು ಗುರುತಾಗಿ ಇಟ್ಟುಕೊಂಡಿದ್ದೇನೆ. ಅದರ ದಿಕ್ಕು ಉಪಗ್ರಹ ನಕಾಶೆಯಿಂದ ಸಿಗುತ್ತದೆ. ಆ ಗೆರೆಗೂ ಪದರಕ್ಕೂ ನಡುವಿನ ಕೋನವನ್ನು ಕೋನಮಾಪಕದಿಂದ ಅಳೆದರೆ ಆಯ್ತು. ಆರು ಕಡೆ ಅಳೆದೆ, ಎಲ್ಲಾ 325ರಿಂದ 335ರೊಳಗೆ. ಮಡಚೂ ಇಲ್ಲ, ಗಿಡಚೂ ಇಲ್ಲ.

ಕುರಿ ಕಾಯುವ ಅಜ್ಜ ಒಬ್ಬರು ಬಂದು ನಿಂತರು. "ಬಂಗಾರ ಸಿಕ್ತೇನ್ರೀ?" ಗದಗ ಸೀಮೆಯಲ್ಲಿ ಸುತ್ತಿಗೆ ಹಿಡಿದವರಿಗೆ ಇದೇ ಮೊದಲ ಪ್ರಶ್ನೆ. ಇಲ್ಲ ಅಜ್ಜಾ ಅಂದೆ. ಆಗ ಅವರೇ ಒಂದು ಕಲ್ಲು ತೋರಿಸಿದರು, ಮೇಲೆ ಕಪ್ಪಗೆ ಜರಿ ಗಿಡದ ಎಲೆಯಂಥ ಅಚ್ಚು. ಎದೆ ಒಮ್ಮೆ ಧಸಕ್ಕೆಂದಿತು, ಸುಳ್ಳೇಕೆ? ಲೆನ್ಸ್ ಹಿಡಿದೆ. ಎಲೆಗೆ ನಡು ನರವಿಲ್ಲ. ಅಚ್ಚು ಇರೋದು ಪದರದ ಮೇಲಲ್ಲ, ಪದರಗಳನ್ನು ಅಡ್ಡಡ್ಡ ಸೀಳಿದ ಬಿರುಕಿನಲ್ಲಿ. ನೀರು ಇಳಿದು ಬಿಟ್ಟುಹೋದ ಮ್ಯಾಂಗನೀಸ್ ಅದು. ಈ ಕಲ್ಲುಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು, ಆಗ ಎಲೆ ಎಲ್ಲಿತ್ತು? ಇದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ.

ಆದರೂ ಅದರ ಫೋಟೋ ತೆಗೆದು, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು, 'ಪಳೆಯುಳಿಕೆ ಅಲ್ಲ' ಅಂತ ಬರೆದುಕೊಂಡೆ. ಅಜ್ಜನಿಗೆ ಬೇಜಾರಾಯ್ತು. "ಎಲಿ ಅಲ್ಲೇನ್ರೀ ಇದು?" ಅಂತ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಮುಂದಿನ ರವಿವಾರ ಎರಡನೇ ಫಿಲೈಟ್‌ನಿಂದ ಬಲಕ್ಕೆ. ಕೋನಮಾಪಕ ಸ್ವಲ್ಪ ದೊಡ್ಡದು ತರಬೇಕು.