ರಾಶಿ ಕಾಲಕ್ಕೆ ಬರುವವರು

ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಬಾಗಿಲಿಗೆ ಬಂದವರನ್ನೆಲ್ಲ ಭಿಕ್ಷುಕರು ಅಂದುಬಿಟ್ಟರೆ ಹೆಳವರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲೇಬೇಕು. ಅವರು ಬೇಡಲು ಬಂದವರಲ್ಲ, ನಿಮ್ಮ ಮನೆತನದ ವಂಶಾವಳಿಯನ್ನು ಪುಸ್ತಕದಲ್ಲಿ ಬರೆಯಲು, ಓದಿ ಹೇಳಲು ಬಂದವರು.

ಹೆಳವ ಎಂದರೆ ಕುಂಟ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ದೊಡ್ಡ ಗಂಟೆ ಕಟ್ಟಿದ ಎತ್ತಿನೊಂದಿಗೆ ಊರು ಹೊಗುತ್ತಿದ್ದರು. ಈಗ ಮೋಟಾರ್ ಸೈಕಲ್. ಯಾವ ಮನೆತನ ಯಾವ ಹೆಳವನದು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಅವರಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಹೊಲದಂತೆ ಮನೆತನಗಳೂ ಪಾಲಾಗುತ್ತವೆ.

ವಂಶಾವಳಿ ಓದಿಸುವಾಗ ಎಡವುವುದು ಹೆಸರಿನಲ್ಲಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಶರಣಪ್ಪನ ಮಗ ಬಸಪ್ಪ, ಬಸಪ್ಪನ ಮಗ ಶರಣಪ್ಪ, ಮತ್ತೆ ಬಸಪ್ಪ. ನಾಲ್ಕು ತಲೆಯೊಳಗೆ ಎರಡೇ ಹೆಸರು! ಹಾಗಾಗಿ ಬರೀ ತಂದೆ, ಅಜ್ಜನ ಹೆಸರು ಹೇಳಿ ಕೂಡಬೇಡಿ. ಮೂಲ ಊರು, ಬೆಡಗು (ಕುಲದೊಳಗಿನ ಬಳಿ), ಅಜ್ಜನ ಅಣ್ಣತಮ್ಮಂದಿರು ಯಾರ್‍ಯಾರು ಎಂಬುದನ್ನು ಹೇಳಿದರೆ ಹೆಳವರ ಪುಸ್ತಕದಲ್ಲಿ ನಿಮ್ಮ ಪುಟ ಸಿಗುತ್ತದೆ. ಪುಸ್ತಕ ನಡೆಯುವುದು ಗಂಡುಮಕ್ಕಳ ಸಾಲಿನಲ್ಲಿ. ತಾಯಿಯ ತವರು ಬೇಕಿದ್ದರೆ ಆ ಮನೆತನದ ಹೆಳವನನ್ನೇ ಹುಡುಕಬೇಕು. ಕಳೆದ ಸಲ ಬಂದು ಹೋದಮೇಲೆ ಹುಟ್ಟಿದವರನ್ನು ಅಂದೇ ಬರೆಸಿಬಿಡಿ.

ಬುಡಬುಡಿಕೆಯವರ ದಾರಿ ಬೇರೆ. ಬೆಳಕು ಹರಿಯುವ ಮುನ್ನ ಹಾಲಕ್ಕಿಯ ದನಿ ಕೇಳಿ ಬಂದು ಶಕುನ ನುಡಿಯುತ್ತಾರೆ. ಹಾಲಕ್ಕಿ ಅಂದರೆ ಗೂಬೆಯ ಜಾತಿಯ ಸಣ್ಣ ಹಕ್ಕಿ. ಮರಾಠಿಯಲ್ಲಿ ಅದೇ ಪಿಂಗಳಾ. ಕೈಯಲ್ಲಿರುವುದು ಗೇಣುದ್ದಕ್ಕೂ ಕಡಿಮೆಯ, ನಡು ಸಣ್ಣಗಿರುವ ವಾದ್ಯ. ಮಣಿಕಟ್ಟು ಅತ್ತಿತ್ತ ತಿರುವಿದಂತೆ ದಾರದ ತುದಿಯ ಗಂಟು ಎರಡೂ ಮುಖಕ್ಕೆ ಬಡಿಯುತ್ತದೆ. ಚರ್ಮ ಥಂಡಿ ಹಿಡಿದರೆ ದನಿ ಏಳುವುದಿಲ್ಲ, ಬಿಸಿಗೆ ಹಿಡಿಯಬೇಕು. ಇವರಿಗೆ ಕಾಳಿನಷ್ಟೇ ಹಳೆಯ ಕೋಟು, ಧೋತರವೂ ಬೇಕು.

ಬೀದರ್ ಕಡೆ ನವಿಲುಗರಿಯ ಚೂಪು ಟೋಪಿ ತೊಟ್ಟು ಹಾಡುತ್ತ ಬರುವ ವಾಸುದೇವರು ಎಂಬವರೂ ನಸುಕಿಗೇ ಬರುವವರು. ಲೋಬಾನದ ಹೊಗೆ ಹಿಡಿದು ಬರುವ ಫಕೀರರಿಗೆ ಗುರುವಾರವೇ ಹೆಚ್ಚು.

ಇವರೆಲ್ಲರ ಫಸಲು ಕೆಟ್ಟಿದ್ದು ಜನ ಜುಗ್ಗರಾಗಿದ್ದಕ್ಕೆ ಎನ್ನುವ ಮಾತು ಅರ್ಧ ಸತ್ಯ. ತೊಗರಿ ಮುಗಿದು ಬಿಳಿಜೋಳ ಬರುವ ಹೊತ್ತಿಗೆ ಕಣದಲ್ಲಿ ರಾಶಿ ಬಿದ್ದಿರುತ್ತಿತ್ತು. ಬಂದವರಿಗೆ ಮೊರದಲ್ಲಿ ಮೊಗೆದು ಕೊಡಲು ಯಾರೂ ಸೇರು ಹುಡುಕುತ್ತಿರಲಿಲ್ಲ. ಈಗ ಮಷೀನು ಹೊಲದಲ್ಲೇ ರಾಶಿ ಮಾಡಿ, ಚೀಲ ಸೀದಾ ಅಡತಿ ಅಂಗಡಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ತಿನ್ನುವಷ್ಟು ಕಾಳು. ಬಂದವರ ಕೈಗೆ ಹತ್ತರ ನೋಟು.