ನೆತ್ತಿಯ ಮೇಲಿನ ಕೈಗಳು

ಮೊಣಕಾಲೂರಿದ್ದ ನನ್ನ ತಲೆಯ ಮೇಲೆ ಮೊದಲು ಬಿಷಪರು ಕೈಯಿಟ್ಟರು. ಅವರ ಹಿಂದೆ ಒಬ್ಬೊಬ್ಬರಾಗಿ ಬಂದ ಸಭಾಪಾಲಕರೂ ತಮ್ಮ ಕೈಗಳನ್ನಿಟ್ಟಾಗ ಆ ಭಾರಕ್ಕೆ ನನ್ನ ಕುತ್ತಿಗೆ ತುಸು ಬಾಗಿತು. 61ನೇ ವಯಸ್ಸಿನಲ್ಲಿ, ಹುಟ್ಟೂರಾದ ಮಂಗಳೂರಿನಿಂದ ಬಹುದೂರ, ಅಮೆರಿಕದ ಮಿನ್ನೆಸೋಟದ ಒಂದು ಹಳ್ಳಿಯ ಲೂಥರನ್ ದೇವಾಲಯದಲ್ಲಿ ನನಗೆ ಸಭಾಪಾಲಕ (ಪಾಸ್ಟರ್) ದೀಕ್ಷೆ ದೊರೆತು ಈಗ ಆರು ವಾರಗಳಾದವು. ಆ ದಿನ ಯಾವ ಗೀತೆಗಳನ್ನು ಹಾಡಿದೆವು, ಪ್ರಸಂಗದಲ್ಲಿ ಏನು ಹೇಳಿದರು, ಯಾರು ಯಾರು ಬಂದಿದ್ದರು ಎಂಬುದೆಲ್ಲ ಆಗಲೇ ಮಸುಕಾಗುತ್ತಿದೆ. ಕೈಗಳ ಭಾರ ಮಾತ್ರ ಇಂದಿಗೂ ನೆತ್ತಿಯ ಮೇಲೆ ಇದೆ.

ಆ ಭಾರ ನನಗೆ ಹೊಸದೂ ಆಗಿರಲಿಲ್ಲ. ನಮ್ಮ ಅಜ್ಜ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ದೀಕ್ಷಾಸ್ನಾನ ಪಡೆದು ಕುಲಕಸುಬಿನಿಂದ ದೂರವಾದ ಎಷ್ಟೋ ಕುಟುಂಬಗಳಿಗೆ ಬಾಸೆಲ್ ಮಿಶನ್ 1865ರಲ್ಲಿ ಆರಂಭಿಸಿದ ಹೆಂಚಿನ ಕೆಲಸವೇ ಅನ್ನ ಕೊಟ್ಟಿತು. ನಮ್ಮದೂ ಅಂಥ ಒಂದು ಕುಟುಂಬ. ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಕನ್ನಡ ಬೈಬಲನ್ನು ಓದುತ್ತಿದ್ದರು, ತುಳುವಿನಲ್ಲಿ ಪ್ರಾರ್ಥಿಸುತ್ತಿದ್ದರು, ಕೊನೆಗೆ ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರ ತಲೆಯ ಮೇಲೂ ಅಂಗೈಯಿಟ್ಟು ಬೈಬಲಿನಲ್ಲಿರುವ ಆರೋನನ ಆಶೀರ್ವಾದವನ್ನು ಹೇಳುತ್ತಿದ್ದರು. ವರ್ಷಗಟ್ಟಲೆ ಜೇಡಿಮಣ್ಣನ್ನು ನಾದಿ ಆ ಅಂಗೈಗಳು ಬಿರಿದಿದ್ದವು. ಕೈ ತೆಗೆಯುವಾಗ ಬಿರುಕಿಗೆ ಸಿಕ್ಕಿದ ನನ್ನ ಒಂದೆರಡು ಕೂದಲೆಳೆಗಳು ಚುರ್ರೆಂದು ಎಳೆಯುತ್ತಿದ್ದವು. ಮಗುವಾಗಿದ್ದ ನಾನು ಆಶೀರ್ವಾದವೆಂದರೆ ಆ ನೋವೇ ಇರಬೇಕೆಂದು ತಿಳಿದುಕೊಂಡಿದ್ದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ದೇವರ ಸೇವೆಗೆ ಹೋಗಬೇಕೆಂದು ಸಭೆಯ ಒಬ್ಬ ಹಿರಿಯರಲ್ಲಿ ಹೇಳಿಕೊಂಡಾಗ ಅವರು, ಹೆಣ್ಣುಮಕ್ಕಳಿಗೆ ನರ್ಸಿಂಗ್ ಕೆಲಸವೇ ಸೇವೆಯಮ್ಮ ಎಂದು ತಲೆ ಸವರಿ ಕಳುಹಿಸಿದರು. ಆ ಮಾತು ನನ್ನನ್ನು ಬಹುಕಾಲ ನೋಯಿಸಿತು. ಆದರೆ 31 ವರ್ಷ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತ ಮೇಲೆ, ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಚಮ್ಮಾರನೂ ಕಮ್ಮಾರನೂ ರೈತನೂ ತಮ್ಮ ತಮ್ಮ ಕಸುಬಿನಲ್ಲಿದ್ದುಕೊಂಡೇ ದೇವರ ಮುಂದೆ ಯಾಜಕರು ಎಂದು ನಮ್ಮ ಲೂಥರನ್ ಪಂಥದ ಮೂಲಪುರುಷ ಮಾರ್ಟಿನ್ ಲೂಥರ್ 1520ರಲ್ಲೇ ಬರೆದಿದ್ದರು. ಹಾಗಿರುವಾಗ ಸಿರಿಂಜ್ ಹಿಡಿದ ಕೈ ಬಲಿಪೀಠದ ಕೈಗಿಂತ ಕೀಳಾಗುವುದು ಹೇಗೆ? ಹಿರಿಯರು ಬಿಟ್ಟುಬಿಟ್ಟ ಉಳಿದರ್ಧವನ್ನು ದೇವರು ತನ್ನ ಕಾಲದಲ್ಲಿ ತುಂಬಿಕೊಟ್ಟನು. ಅಮೆರಿಕದ ಎರಡು ದೊಡ್ಡ ಲೂಥರನ್ ಸಭೆಗಳು 1970ರಲ್ಲೇ ಹೆಣ್ಣುಮಕ್ಕಳಿಗೆ ದೀಕ್ಷೆಯ ಬಾಗಿಲು ತೆರೆದಿದ್ದವು. ಆಗ ನಾನು ಮಂಗಳೂರಿನಲ್ಲಿ ಅಕ್ಷರ ತಿದ್ದುತ್ತಿದ್ದ ಮಗು.

ಇಲ್ಲಿ ನಾನು ನರ್ಸ್ ಆಗಿದ್ದಾಗ ಒಂದು ಹಿಮದ ರಾತ್ರಿ, ರೋಗಿಗಳಿಗಾಗಿ ಪ್ರಾರ್ಥಿಸುವ ಚಾಪ್ಲೆನ್ ಬರಲಾಗದಂತೆ ರಸ್ತೆಗಳೆಲ್ಲ ಮುಚ್ಚಿಹೋಗಿದ್ದಾಗ, ಸಾವಿನಂಚಿನಲ್ಲಿದ್ದ ವೃದ್ಧರೊಬ್ಬರ ಹೆಂಡತಿ ನನ್ನ ಕೈ ಹಿಡಿದು ಪ್ರಾರ್ಥಿಸಲು ಕೇಳಿಕೊಂಡರು. ಇಂಗ್ಲಿಷಿನಲ್ಲಿ ಆರಂಭಿಸಿದ ಕರ್ತನ ಪ್ರಾರ್ಥನೆ ನಡುವೆ ಎಲ್ಲಿ ಕನ್ನಡಕ್ಕೆ ತಿರುಗಿತೋ ನನಗೆ ತಿಳಿಯಲಿಲ್ಲ, ಅವರೂ ತಡೆಯಲಿಲ್ಲ. ಆ ತಾಯಿ ಮುಂದಿನ ಭಾನುವಾರ ತಮ್ಮ ಸಭಾಪಾಲಕರಿಗೆ ಈ ಸಂಗತಿಯನ್ನು ತಿಳಿಸಿದರಂತೆ. ದೇವರ ಸೇವೆಗೆ ನಿಮಗಿರುವ ಕರೆಯ ಬಗ್ಗೆ ಎಂದಾದರೂ ಯೋಚಿಸಿದ್ದೀರಾ ಎಂದು ಆ ಸಭಾಪಾಲಕರು ನನ್ನನ್ನು ಕೇಳಿದಾಗ ನನಗೆ 56 ವರ್ಷ.

ಬಾಲಕ ಸಮುವೇಲನ ಕಥೆಯನ್ನು ನಾವೆಲ್ಲ ಸಂಡೇ ಸ್ಕೂಲಿನಲ್ಲಿ ಕೇಳಿದ್ದೇವೆ. ದೇವರು ಕರೆದದ್ದು ಅವನನ್ನೇ ಆದರೂ, ಕರೆದವನು ದೇವರೆಂದು ಗುರುತಿಸಿದವನು ಕಣ್ಣು ಮಂಜಾಗಿದ್ದ ಮುದುಕ ಏಲಿ. ಒಬ್ಬನಿಗೆ ಬಂದ ಕರೆ ಇನ್ನೊಬ್ಬನ ಬಾಯಿಂದಲೇ ಸ್ಪಷ್ಟವಾಗಬೇಕು ಎಂಬ ಈ ಸಂಗತಿಯನ್ನು ನಾನು ಸಭಾಪಾಲಕರನ್ನು ತಯಾರುಮಾಡುವ ಸೆಮಿನರಿಗೆ ಹೋಗುವವರೆಗೂ ಗಮನಿಸಿರಲಿಲ್ಲ. ಕ್ರಮಬದ್ಧವಾಗಿ ಕರೆಯಲ್ಪಡದ ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧಿಸಬಾರದು, ಸಂಸ್ಕಾರಗಳನ್ನು ನಡೆಸಬಾರದು ಎಂದು ಲೂಥರನ್ನರ ನಂಬಿಕೆಯನ್ನು ಸಾರುವ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ 14ನೆಯ ವಿಧಿ ಹೇಳುವುದೂ ಇದೇ ಕಾರಣಕ್ಕೆಂದು ನನಗೆ ತೋರುತ್ತದೆ. ನನ್ನೊಳಗೆ ಎಷ್ಟೇ ಉರಿ ಇದ್ದರೂ ಒಂದು ಸಭೆ ನನ್ನನ್ನು ಬೇಕೆಂದು ಹೇಳುವವರೆಗೆ ಅದು ಕರೆಯಾಗುವುದಿಲ್ಲ. ಆದ್ದರಿಂದಲೇ ಗ್ರೀಕ್ ಕಲಿತು, ಪರೀಕ್ಷೆಗಳನ್ನು ಬರೆದು, ಸಭೆಯೊಂದರಲ್ಲಿ ತರಬೇತಿ ಮುಗಿಸಿ, ಸಮಿತಿಯ ಒಪ್ಪಿಗೆ ದೊರೆತ ಮೇಲೂ ನಾನು ಐದು ತಿಂಗಳು ಸುಮ್ಮನೆ ಕಾದೆ. ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ ಮಾತ್ರ ಸಭೆ ಕರೆಯ ಪತ್ರವನ್ನು ಕಳುಹಿಸಬಹುದು. ಆ ಪತ್ರ ಬಂದ ದಿನ ನಾನು ಅಜ್ಜನ ಬೈಬಲಿನೊಳಗೆ ಅದನ್ನಿಟ್ಟು ಬಹಳ ಹೊತ್ತು ಕುಳಿತಿದ್ದೆ.

ತಡವಾಯಿತಲ್ಲ ಎಂದು ಮರುಗುವವರಿಗೆ ನಾನು ಕರೆ ಬಂದಾಗಿನ ಅಬ್ರಹಾಮನ 75 ವರ್ಷವನ್ನಾಗಲಿ ಮೋಶೆಯ 80 ವರ್ಷವನ್ನಾಗಲಿ ನೆನಪಿಸುವುದಿಲ್ಲ. ಅವರು ನನಗೆ ಬಹಳ ಎತ್ತರದವರು. ನಮ್ಮೂರಿನ ಕಿಟ್ಟೆಲರೇ ನನಗೆ ಸಾಕು. ಒಮ್ಮೆ ಜರ್ಮನಿಗೆ ಮರಳಿದ್ದ ಅವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿನ ಕೆಲಸಕ್ಕಾಗಿ ಮತ್ತೆ ಕಡಲು ದಾಟಿ ಬಂದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ 62 ವರ್ಷ.

ಊರಿಗೆ ಹೋದಾಗ ಕಾಣುವ ಒಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. ಶನಿವಾರದ ಮನೆಪ್ರಾರ್ಥನೆ ನಮ್ಮ ಎಷ್ಟೋ ಮನೆಗಳಲ್ಲಿ ನಿಂತುಹೋಗಿದೆ. ಹೆಚ್ಚು ಅಂಕ ಬಂದ ಮಗು ದೇವರ ಸೇವೆಯ ಮಾತೆತ್ತಿದರೆ ತಂದೆತಾಯಿ ಗಾಬರಿಯಾಗುತ್ತಾರೆ. ಮಕ್ಕಳನ್ನು ಕಳುಹಿಸಿರಿ ಎಂದು ಹೇಳುವಷ್ಟು ಅಧಿಕಾರ ನನಗಿಲ್ಲ. ಮಕ್ಕಳ ತಲೆಯ ಮೇಲೆ ವಾರಕ್ಕೊಮ್ಮೆ ಕೈಯನ್ನಾದರೂ ಇಡಿರಿ ಎಂದು ಬೇಡಿಕೊಳ್ಳುತ್ತೇನೆ. ಅದು ಎಷ್ಟು ವರ್ಷದ ಮೇಲೆ ಫಲಿಸುವುದೋ ಇಟ್ಟವರಿಗೆ ತಿಳಿಯುವುದಿಲ್ಲ. ನನ್ನ ಅಜ್ಜನಿಗೂ ತಿಳಿಯಲಿಲ್ಲ.

ದೀಕ್ಷೆಯ ದಿನ ಬಂದವರಲ್ಲಿ, ಹೊಲದಲ್ಲಿ ದುಡಿಯುತ್ತಲೇ ಬೆಳೆದ ನಿವೃತ್ತ ಸಭಾಪಾಲಕರೊಬ್ಬರಿದ್ದರು. ಪ್ರಾರ್ಥನೆ ಮುಗಿದು ಎಲ್ಲರೂ ಕೈ ತೆಗೆಯುವಾಗ ಅವರ ಒರಟು ಅಂಗೈಗೆ ನನ್ನ ನರೆಗೂದಲಿನ ಒಂದೆಳೆ ಸಿಕ್ಕಿ ಚುರ್ರೆಂದಿತು. ಬಿಷಪರು ಸಭಾಪಾಲಕರು ಧರಿಸುವ ಉದ್ದನೆಯ ಪಟ್ಟಿಯಾದ ಕೆಂಪು ಸ್ಟೋಲನ್ನು ಹೆಗಲಿಗೆ ಹಾಕುವವರೆಗೂ ನಾನು ತಲೆಯೆತ್ತಲಾರದೆ ಅಳುತ್ತಿದ್ದೆ.

ಮರುದಿನ ಮೊದಲ ಬಾರಿಗೆ ನಾನೇ ಪರಿಶುದ್ಧ ಭೋಜನವನ್ನು ನಡೆಸಿದೆ. ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ನಡುಗುವ ಕೈಗಳನ್ನು ಒಂದರ ಮೇಲೊಂದಿಟ್ಟು ಚಾಚಿದರು. ಹಳೆಯ ಅಭ್ಯಾಸದಿಂದ ನನ್ನ ಕಣ್ಣು ಮೊದಲು ಅವರ ಮಣಿಕಟ್ಟಿನ ನೀಲಿ ನರಗಳನ್ನು ಹುಡುಕಿತು. ಕೆಳಗಿನಿಂದ ನನ್ನ ಎಡಗೈಯ ಆಸರೆ ಕೊಟ್ಟು, ರೊಟ್ಟಿಯನ್ನು ಅವರ ಅಂಗೈಯಲ್ಲಿಟ್ಟು, ಇದು ನಿಮಗೋಸ್ಕರ ಕೊಡಲ್ಪಟ್ಟ ಕ್ರಿಸ್ತನ ದೇಹ ಎಂದೆ. ಅವರ ಬೆರಳುಗಳು ಮುಚ್ಚಿಕೊಳ್ಳುವವರೆಗೆ ಕಾದು ಮುಂದಿನ ಕೈಗಳ ಕಡೆಗೆ ತಿರುಗಿದೆ.