ಗಿರಣಿ ಗೋಡೆಯ ಬಾಕಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜತ್ತ ಕಡೆಗೆ ಹೋಗಿ ಹೊಲದ ದಾರಿಯಲ್ಲಿ ನಡೆಯುವ ಆಸೆ ಇದ್ದರೆ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಳ್ಳಿ. ಟೈರಿನ ಚಪ್ಪಲಿಯಾದರೆ ಇನ್ನೂ ಒಳ್ಳೆಯದು. "ಟ್ರೆಕ್ಕಿಂಗಿಗೂ ಆಗುತ್ತೆ ಮೇಡಂ" ಅಂತ ಅಂಗಡಿಯವನು ಹೇಳಿದ್ದನ್ನು ನಂಬಿ 2,800 ರೂಪಾಯಿಯ ಮೆತ್ತನೆ ಶೂ ಕೊಂಡಿದ್ದೆ. ಜಾಲಿ ಮುಳ್ಳಿಗೆ ಅದು ಹಪ್ಪಳ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಜತ್ತ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ನಮ್ಮ ವಿಜಯಪುರ ಜಿಲ್ಲೆಗೆ ಅಂಟಿಕೊಂಡು. ಹಿಂದೆ ಡಫಳೆ ಮನೆತನದವರ ಸಂಸ್ಥಾನ. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ವಿಜಯಪುರ ನಮ್ಮ ಕಡೆಗೆ ಬಂತು, ಜತ್ತ ಆಚೆಗೇ ಉಳಿಯಿತು. ಆಫೀಸಿನ ಗೆಳತಿಯೊಬ್ಬಳ ತವರುಮನೆ ಗುಡ್ಡಾಪುರದಿಂದ ಸ್ವಲ್ಪ ದೂರದ ಹಳ್ಳಿ. "ಫೆಬ್ರವರಿಯಲ್ಲಿ ಬಾ, ದ್ರಾಕ್ಷಿ ಇರುತ್ತೆ" ಎಂದು ಮೂರು ವರ್ಷದಿಂದ ಕರೆಯುತ್ತಿದ್ದಳು. ಹೋದೆ.

ಗಡಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಜತ್ತದಲ್ಲಿ ಹತ್ತಿದ ಬಸ್ಸಿನ ಬೋರ್ಡು ಮರಾಠಿ, ಒಳಗಿನ ಮಾತೆಲ್ಲ ಕನ್ನಡ. ಕಂಡಕ್ಟರ್ "ಹೆಣ್ಮಕ್ಕಳಿಗಿ ಅರ್ಧಾ ಟಿಕೆಟ್ರೀ" ಎಂದು ಚಿಲ್ಲರೆ ವಾಪಸ್ ಕೊಟ್ಟರು. ಮೊದಲ ದಿನ ಗುಡ್ಡಾಪುರದ ದಾನಮ್ಮನ ಗುಡಿ. 12ನೇ ಶತಮಾನದ ಶರಣೆ ಆಕೆ, ಹುಟ್ಟಿದ ಉಮರಾಣಿಯೂ ಇದೇ ತಾಲ್ಲೂಕು. ದರ್ಶನ, ಪ್ರಸಾದ, ಮನೆಗೆ ಬಂದು ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು. ಎರಡನೆಯ ದಿನ ಏನು ಮಾಡಿದೆ ಅಂತ ನೆನಪಿಲ್ಲ. ಬಹುಶಃ ನಿದ್ದೆ.

ಮೂರನೆಯ ದಿನ ಗೆಳತಿಯ ತಮ್ಮ ಹೇಳಿದ, "ಒಂದು ರೌಂಡ್ ಹಾಕ್ಕೊಂಡು ಬರೂಣ್ರಿ ಅಕ್ಕಾರ. ಐದಾರು ಕಿಲೋಮೀಟರ್ ಅಷ್ಟ. ಏರಿಲ್ಲ, ಇಳಿವಿಲ್ಲ. ಹೋದ ದಾರೀಲೆ ತಿರುಗಿ ಬರೂದೂ ಬ್ಯಾಡ." ಊರಿನ ಹಿಂದಿನಿಂದ ಹೊರಟು ದ್ರಾಕ್ಷಿ ತೋಟ, ಹಳ್ಳ, ಜಾಲಿ ಕಾಡು ಸುತ್ತಿ, ಹಳೇ ಗಿರಣಿಯ ಮುಂದೆ ಹಾದು ಮತ್ತೆ ಊರು. ಸುಲಭದ ಸುತ್ತು. ಬೆಳಿಗ್ಗೆ ಆರೂವರೆಗೆ ಹೊರಟೆವು. ಒಂಬತ್ತರ ಮೇಲೆ ಅಲ್ಲಿ ನಡೆಯಬಾರದು, ಫೆಬ್ರವರಿಯಲ್ಲೂ.

ದ್ರಾಕ್ಷಿ ತೋಟವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನಾನು ಸಾಗರದ ಕಡೆಯವಳು. ತೋಟ ಎಂದರೆ ನಮಗೆ ಅಡಿಕೆ, ತಲೆ ಎತ್ತಿ ನೋಡಬೇಕು. ಇಲ್ಲಿ ತಲೆ ತಗ್ಗಿಸಿ ನುಗ್ಗಬೇಕು. ತಂತಿಯ ಚಪ್ಪರದ ಕೆಳಗೆ ಹಸಿರು ಬೆಳಕು, ಕಿವಿಗೆ, ಕೆನ್ನೆಗೆ ತಾಗುವ ಗೊಂಚಲು. ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ, ಏಪ್ರಿಲ್ ಹೊತ್ತಿಗೆ ಒಮ್ಮೆ, ಹಣ್ಣಿಗಾಗಿ ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಚಾಟ್ನಿ ಅನ್ನುತ್ತಾರೆ ಅದಕ್ಕೆ. ಚಟ್ನಿ ಅಂತ ಕೇಳಿಸಿ ನಾನು "ದ್ರಾಕ್ಷಿದೂ ಮಾಡ್ತಾರಾ?" ಅಂದುಬಿಟ್ಟೆ. ಮನೆ ತಲುಪುವವರೆಗೆ ಗೆಳತಿಯ ತಮ್ಮ ನಗುತ್ತಿದ್ದ.

ಇಲ್ಲಿನ ಹಣ್ಣು ಹೆಚ್ಚಾಗಿ ಒಣದ್ರಾಕ್ಷಿಗೇ ಹೋಗುತ್ತದೆ. ತೋಟದ ಪಕ್ಕದಲ್ಲೇ ಉದ್ದನೆಯ ಶೆಡ್ಡು, ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟಿದ ಬಲೆ. ಕೊಯ್ದ ಗೊಂಚಲನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಪುಡಿ, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಹೊರಬರುತ್ತದೆ. ಆಮೇಲೆ ನೆರಳಲ್ಲಿ, ಗಾಳಿಯಲ್ಲಿ ಎರಡು ವಾರ. ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ. ನಡುವೆ ಒಂದು ಮಳೆ ಬಿದ್ದರೆ ಬಣ್ಣ ಕಪ್ಪಾಯಿತು, ರೇಟು ನೆಲ ಕಚ್ಚಿತು. ಮೋಡ ನೋಡಿ ಖುಷಿಪಡುವ ಊರಿನವಳು ನಾನು. ಅಲ್ಲಿ ಒಂದು ಚೂರು ಮೋಡಕ್ಕೆ ಶೆಡ್ಡಿನವರೆಲ್ಲ ಹೊರಗೆ ಬಂದು ನಿಂತು ನೋಡಿದರು.

ಗಂಧಕದ ಹೊಗೆ ಕೊಟ್ಟು ಹಳದಿ ಮಾಡಿದ್ದನ್ನೂ ಕೊಟ್ಟರು, ಹಾಗೇ ಒಣಗಿ ಕಂದಾಗಿದ್ದನ್ನೂ ಕೊಟ್ಟರು. ಮಾರ್ಕೆಟ್ಟಿನಲ್ಲಿ ಕಂದಿಗೆ ಬೆಲೆ ಕಡಿಮೆಯಂತೆ. ಮಾರ್ಕೆಟ್ಟಿಗೆ ನಾಲಿಗೆ ಇಲ್ಲ ಅಂತ ನನ್ನ ತೀರ್ಮಾನ. ಎರಡು ಕಿಲೋ ಕಂದು ಕಟ್ಟಿಸಿಕೊಂಡೆ.

ಹಳ್ಳ ಒಣಗಿತ್ತು. ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ ಕಲ್ಲಿನ ಗಾಣ ಬಿದ್ದಿದೆ. ಎತ್ತು ಕಟ್ಟಿ ತಿರುಗಿಸುತ್ತಿದ್ದ ಎಣ್ಣೆ ಗಾಣದ ಒರಳು, ನನ್ನ ಸೊಂಟದೆತ್ತರ. ಈಗ ಎಮ್ಮೆ ನೀರು ಕುಡಿಯುತ್ತದೆ ಅದರಲ್ಲಿ. ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು.

ಕಾಡಿನ ಬಗ್ಗೆ ಮಾತ್ರ ನಾನು ಸ್ವಲ್ಪ ಮೂಗು ಮುರಿದೆ, ಸುಳ್ಳು ಹೇಳುವುದೇಕೆ. "ಅಕ್ಕಾರ, ಇದ ನಮ್ಮ ಅಡವಿ" ಎಂದು ಅವನು ತೋರಿಸಿದ್ದು ಜಾಲಿ, ಬಾರಿ (ಬೋರೆ ಗಿಡ), ನಡುನಡುವೆ ಬೇವು. ಮರದ ನಡುವೆ ಆಕಾಶವೇ ಜಾಸ್ತಿ. ಒಳಗೆ ಹೊಕ್ಕ ಮೇಲೆ ಅಷ್ಟು ಬಡಕಲು ಅನಿಸಲಿಲ್ಲ. ನವಿಲಿನ ಗರಿ ಬಿದ್ದಿತ್ತು. ಕುರಿಯ ಹಿಂಡೊಂದು ಎದುರಾಯಿತು. ಮಾಡಗ್ಯಾಳ ತಳಿ, ಈ ತಾಲ್ಲೂಕಿನ ಊರಿನದೇ ಹೆಸರು. ಬಿಳಿ ಮೈಮೇಲೆ ಕಂದು ಮಚ್ಚೆ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗು. ಮೂಗು ಹೆಚ್ಚು ಬಾಗಿದಷ್ಟೂ ಬೆಲೆ ಹೆಚ್ಚು. ಒಳ್ಳೆಯ ಟಗರು ಲಕ್ಷದ ಲೆಕ್ಕದಲ್ಲಿ ಮಾರುತ್ತದೆ ಅಂದರು ಕುರಿ ಕಾಯುವವರು. ಆ ಮೂಗು ನೋಡುತ್ತಾ ಹೆಜ್ಜೆ ಇಟ್ಟೆ ನೋಡಿ, ಎಡಗಾಲಿನ ಹಿಮ್ಮಡಿಗೆ ಮುಳ್ಳು ಹೊಕ್ಕಿತು. ಶೂ ಬಿಚ್ಚಿದರೆ ಅರ್ಧ ಮುಳ್ಳು ಅಟ್ಟೆಯಲ್ಲಿ, ಅರ್ಧ ನನ್ನಲ್ಲಿ.

ಕುಂಟುತ್ತಾ ಗಿರಣಿಗೆ ಬಂದೆವು. ತಗಡಿನ ಮಾಡು, ಕಲ್ಲು ಮಣ್ಣಿನ ಗೋಡೆ, ಬಾಗಿಲಿಗೆ ಹಿಟ್ಟಿನ ಬಿಳಿ. ಒಳಗೆ ಒಬ್ಬ ಅಜ್ಜ. ಹುಬ್ಬಿನ ಮೇಲೂ ಹಿಟ್ಟು.

"ಏನಾತವಾ ತಂಗಿ?"

"ಮುಳ್ಳು ನಟ್ಟೈತಿ ಅಜ್ಜಾ, ನಮ್ಮಕ್ಕಾರಿಗಿ" ಎಂದ ತಮ್ಮ.

"ಜಾಲೀದೋ ಬಾರೀದೋ?"

ನನಗೇನು ಗೊತ್ತು. ಅಜ್ಜ ಶೂ ತೆಗೆದುಕೊಂಡು ಅಟ್ಟೆ ನೋಡಿದರು. "ಜಾಲೀದು. ಚಲೋ ಆತು. ನೆಟ್ಟಗ ಹೋಗತೈತಿ, ನೆಟ್ಟಗ ಬರತೈತಿ. ಬಾರೀದು ಕೊಂಡಿ ಇದ್ದಾಂಗ, ಬಿಡೂದಿಲ್ಲ."

ಕಾಳಿನ ಚೀಲದ ಮೇಲೆ ಕೂರಿಸಿ, ಎಕ್ಕೆಯ ಹಾಲು ಹಚ್ಚಿ, "ಸ್ವಲ್ಪ ತಡಿ, ಮೆತ್ತಗಾಗ್ಲಿ" ಅಂದರು. ಹಾಗೆ ತಡೆದದ್ದು ಒಂದೂವರೆ ಗಂಟೆ. (ಎಕ್ಕೆಯ ಹಾಲು ಕಣ್ಣಿಗೆ ತಾಗಬಾರದು. ಗಾಯಕ್ಕೂ ಹಚ್ಚಬಾರದು ಅಂತ ಆಮೇಲೆ ನಮ್ಮೂರಿನ ಡಾಕ್ಟರು ಬೈದರು.)

ಗಿರಣಿಯಲ್ಲಿ ಈಗ ಓಡುವುದು ಕರೆಂಟಿನ ಮೋಟರು. ಆದರೆ ಮೂಲೆಯಲ್ಲಿ ಹಳೆಯ ಕಿರ್ಲೋಸ್ಕರ್ ಎಣ್ಣೆ ಎಂಜಿನ್ ಇತ್ತು, ಎರಡು ಗಾಲಿಯದು, ಪಕ್ಕದಲ್ಲಿ ನೀರಿನ ಡ್ರಮ್ಮು. ಕಿರ್ಲೋಸ್ಕರವಾಡಿಯೂ ಇದೇ ಸಾಂಗ್ಲಿ ಜಿಲ್ಲೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಬಂಜರು ನೆಲದಲ್ಲಿ ಕಟ್ಟಿದ ಊರು ಅದು. "ಇದರ ಸೈಲೆನ್ಸರಿನ ಬಾಯಿಗಿ ಒಂದು ತಗಡಿನ ಡಬ್ಬಿ ಹಾಕಿರತಿದ್ವಿ" ಎಂದರು ಅಜ್ಜ. "ಕುಹೂ ಕುಹೂ ಅಂತ ಹೊಡಕೋತಿತ್ತು. ಮೂರು ಊರಿಗಿ ಕೇಳತಿತ್ತು. ಗಿರಣಿ ಚಾಲೂ ಆತು ಅಂತ ಹೆಣ್ಮಕ್ಕಳು ಬುಟ್ಟಿ ಹೊತ್ಕೊಂಡು ಹೊಂಡತಿದ್ರು."

ಆಗ ನನ್ನ ಕಣ್ಣು ಗೋಡೆಗೆ ಹೋಯಿತು. ಉಳಿದ ಮೂರು ಗೋಡೆಗೆ ಸುಣ್ಣ ಬಳಿದಿದೆ. ಎಂಜಿನ್ನಿನ ಹಿಂದಿನ ಗೋಡೆಗೆ ಮಾತ್ರ ಇಲ್ಲ. ಮಸಿ ಹಿಡಿದಿದೆ. ಅದರ ಮೇಲೆ ಇದ್ದಿಲಿನಲ್ಲಿ ಸಾಲು ಸಾಲು ಬರಹ, ಎಲ್ಲ ಕನ್ನಡ, ಅಂಕಿಯೂ ಕನ್ನಡದ್ದೇ. ಒಂದು ಹೆಸರು, ಮುಂದೆ ೨ ಪಾಯ್ಲಿ. ಇನ್ನೊಂದು ಹೆಸರು, ೧ ಪಾಯ್ಲಿ. ಪಾಯ್ಲಿ ಎಂದರೆ ಅಳತೆ, ನಾಲ್ಕು ಸೇರು. ಪಕ್ಕದ ಹೊಸ ಗೋಡೆಯಲ್ಲಿ ಮೊಮ್ಮಗ ಬರೆದ ಫೋನ್ ನಂಬರುಗಳು ಮರಾಠಿಯಲ್ಲಿವೆ.

"ಈ ಗೋಡೆಗೆ ಯಾಕೆ ಸುಣ್ಣ ಹಚ್ಚಿಲ್ಲ ಅಜ್ಜ?"

"ಬಾಕಿ ಐತೆಲ್ಲವಾ."

"ಯಾವಾಗಿನ ಬಾಕಿ?"

"ಬರದ್ದು."

"ಯಾವ ಬರದ್ದು?"

ಅಜ್ಜ ನನ್ನನ್ನು ಒಂದು ಸಲ ನೋಡಿದರು. ಮಳೆ ಊರಿನವಳು ಅಂತ ಗೊತ್ತಾಗಿರಬೇಕು. "ಬರಾ ಅಂದ್ರ ಎಪ್ಪತ್ತೆರಡರದು, ಮತ್ಯಾವುದು."

1972ರ ಬರ ಮಹಾರಾಷ್ಟ್ರದವರ ಬಾಯಲ್ಲಿ ಇನ್ನೂ ಇದೆ. ಲಕ್ಷಗಟ್ಟಲೆ ಜನ ಸರ್ಕಾರದ ಬರದ ಕೆಲಸಕ್ಕೆ ಇಳಿದರು, ರಸ್ತೆ, ಕೆರೆ, ಕಲ್ಲು ಒಡೆಯುವುದು. ಅದರ ಅನುಭವದಿಂದಲೇ ಆ ರಾಜ್ಯದ ಉದ್ಯೋಗ ಖಾತರಿ ಕಾನೂನು ಬಂದದ್ದು, 1977ರಲ್ಲಿ. ಈ ಅಜ್ಜ ಆಗ ಹತ್ತೊಂಬತ್ತು ವರ್ಷದ ಹುಡುಗ. ಗಿರಣಿ ಅವರ ಅಪ್ಪನದು.

"ಅಮೇರಿಕಾದಿಂದ ಮಿಲೋ ಜ್ವಾಳಾ ಬಂತು. ಕೆಂಪ ಜ್ವಾಳಾ. ರೊಟ್ಟಿ ತಟ್ಟಿದ್ರ ಹರೀತಿತ್ತು. ಅದನ್ನ ಬೀಸಾಕ ಬರತಿದ್ರು, ದಿನಾ ಖಡಿ ಒಡದು, ಕೈಯಾಗ ಬೊಬ್ಬಿ ಎದ್ದಿರತಿತ್ತು. ಬೀಸಿದ್ದಕ್ಕ ಕೊಡಾಕ ರೊಕ್ಕ ಎಲ್ಲೀದು? ನಮ್ಮಪ್ಪ ಹಂಗ ಬೀಸಿ ಕೊಡು ಅಂದ. ನಾ ಕೊಟ್ಟೆ. ಒಬ್ಬಾಕಿ ಹಿಟ್ಟು ಅಲ್ಲೇ ಬಿಟ್ಟು ಹೋದಳು."

"ಯಾಕೆ?"

"ಧರ್ಮದ್ದು ಒಲ್ಲೆ ಅಂದಳು."

ಅಜ್ಜ ನನ್ನ ಹಿಮ್ಮಡಿ ಒತ್ತಿ ನೋಡಿದರು. ಇನ್ನೂ ಗಟ್ಟಿ ಇತ್ತು.

"ಆಗ ನಮ್ಮಪ್ಪ ಒಲಿ ಒಳಗಿಂದು ಇದ್ದಲಿ ತಂದು ಗ್ವಾಡಿ ಮ್ಯಾಲೆ ಆಕಿ ಹೆಸರು ಬರದ. ಉದ್ರಿ, ಸುಗ್ಗಿಗಿ ಕೊಡು ಅಂದ. ತಗೊಂಡು ಹೋದಳು. ಮರದಿನದಿಂದ ಎಲ್ಲಾರದೂ ಬರದ್ವಿ. ಬರದ್ರ ತಗೋತಿದ್ರವಾ. ಬರೀದಿದ್ರ ತಗೋತಿದ್ದಿಲ್ಲ."

ನಾನು ಗೋಡೆ ನೋಡಿದೆ. ಕೆಲವು ಸಾಲಿನ ಮೇಲೆ ಗೆರೆ ಎಳೆದಿತ್ತು.

"ಅವರು ಕೊಟ್ಟಾರ. ಗೆರಿ ಹೊಡದೇವಿ."

"ಉಳಿದವರು?"

"ಕೊಡತಾರ" ಎಂದರು ಅಜ್ಜ. ಐವತ್ತು ವರ್ಷ ದಾಟಿದೆ. ಅವರು ನಗಲಿಲ್ಲ, ಹಾಗಾಗಿ ನಾನೂ ನಗಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಜೋಳದ ಡಬ್ಬಿ ಹೊತ್ತು ಬಂದರು. ನಮ್ಮ ಮಾತು ಕೇಳಿ, ಡಬ್ಬಿ ಇಳಿಸಿ ನೇರ ಗೋಡೆಯ ಹತ್ತಿರ ಹೋದರು. ಎಂಜಿನ್ನಿನ ಹಿಂದೆ ಬಗ್ಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ನಮ್ಮತ್ತೀದು ನೋಡ್ರಿ ಅಕ್ಕಾರ. ಮೂರು ಪಾಯ್ಲಿ." ಮನೆಗೆ ಬಂದವರಿಗೆ ಸೊಸೆ ಮದುವೆ ಫೋಟೋ ತೋರಿಸುತ್ತಾಳಲ್ಲ, ಹಾಗೆ ತೋರಿಸಿದರು. ಮದುವೆಯಾಗಿ ಬಂದ ವರ್ಷವೇ ಈ ಬಾಕಿ ತೀರಿಸಲು ಬಂದಿದ್ದರಂತೆ.

"ಅಜ್ಜಾ ತಗೋಲಿಲ್ರಿ."

"ತಗೋಲಿಲ್ಲ ಅನಬ್ಯಾಡ" ಎಂದರು ಅಜ್ಜ. "ಆಗಿನ ರೇಟ್ ಕೊಡತೀಯೋ, ಈಗಿನ ರೇಟ್ ಕೊಡತೀಯೋ, ಮೊದಲ ಅದನ್ನ ಹೇಳು ಅಂದೆ. ನೀ ಇನ್ನೂ ಹೇಳಿಲ್ಲ."

ಇಬ್ಬರೂ ಎಷ್ಟು ಸಲ ಈ ಮಾತು ಆಡಿದ್ದಾರೋ, ಇಬ್ಬರಿಗೂ ಸಾಕಾಗಿಲ್ಲ.

ಅಜ್ಜ ಮೋಟರಿನ ಸ್ವಿಚ್ಚು ಒತ್ತಿದರು. ಪಟ್ಟಾ ಬಡಿದುಕೊಂಡು ತಿರುಗಿತು, ಬಿಸಿ ಹಿಟ್ಟಿನ ವಾಸನೆ ಎದ್ದಿತು, ಎಲ್ಲರ ಮಾತೂ ನಿಂತಿತು. ಗೋಡೆಯ ಫೋಟೋ ತೆಗೆಯಲು ಮೊಬೈಲು ಎತ್ತಿದೆ. ಅಜ್ಜ ಬೇಡ ಎಂದು ಕೈ ಆಡಿಸಿದರು. ಗಿರಣಿ ನಿಂತ ಮೇಲೆ ಹೇಳಿದರು, "ಎಲ್ಲಾ ಮಂದೀ ಹೆಸರು ಅದಾವವಾ. ಬಾಕೀದು." ಫೋನ್ ಒಳಗಿಟ್ಟೆ. ಈ ಬರಹದಲ್ಲಿ ಊರಿನ ಹೆಸರು ಹಾಕದೇ ಇರುವುದೂ ಅದಕ್ಕೇ.

ನಾನು ನೀರಿನ ವಿಷಯ ಕೇಳಿದೆ. ನೀರಿಲ್ಲದೆ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಈ ಗಡಿ ಊರುಗಳವರು ಹೇಳಿದ್ದು 2022ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತಲ್ಲ. ಅಜ್ಜನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. "ಯಾ ಕಡಿಂದರ ಬರಲಿ, ಕೃಷ್ಣಾ ಹೊಳೀ ನೀರ ಅಲ್ಲೇನು?" ಎಂದು ಸೇಫ್ಟಿ ಪಿನ್ನನ್ನು ದೀಪಕ್ಕೆ ಹಿಡಿದರು.

ಮುಳ್ಳು ಬಂತು, ಪೂರ್ತಿ ಅಲ್ಲ. "ತುದಿ ಮುರದೈತಿ" ಎಂದರು. "ಇನ್ನ ಕೆದರೂದು ಬ್ಯಾಡ. ದಿನಾ ಬಿಸಿನೀರಾಗ ಇಡು, ತಾನ ಬರತೈತಿ." ಟೆಟನಸ್ ಇಂಜೆಕ್ಷನ್ ಅವತ್ತೇ ಮಧ್ಯಾಹ್ನ ಜತ್ತಕ್ಕೆ ಹೋಗಿ ಹಾಕಿಸಿಕೊಂಡೆ, ನೀವೂ ಹಾಕಿಸಿಕೊಳ್ಳಿ. ಎಷ್ಟು ಕೊಡಬೇಕು ಅಂತ ಅಜ್ಜನನ್ನು ಕೇಳುವ ಧೈರ್ಯ ಆಗಲಿಲ್ಲ, ಆ ಗೋಡೆಯ ಮುಂದೆ ನಿಂತು. ಒಣದ್ರಾಕ್ಷಿಯ ಒಂದು ಪೊಟ್ಟಣ ಚೀಲದ ಮೇಲಿಟ್ಟೆ. "ನಮ್ಮ ಮನ್ಯಾಗ ಕ್ವಿಂಟಲ್‌ಗಟ್ಟಲೆ ಅದಾವ" ಎಂದು ವಾಪಸ್ ಕೊಟ್ಟರು.

ಉಳಿದ ಒಂದು ಕಿಲೋಮೀಟರ್ ಹಿಮ್ಮಡಿ ಎತ್ತಿಕೊಂಡೇ ನಡೆದೆ. ಮನೆಯಲ್ಲಿ ರೊಟ್ಟಿ ಆರಿ ಹೋಗಿ ಖಟಕ್ ಅನ್ನುತ್ತಿತ್ತು, ಗೆಳತಿಯ ಅಮ್ಮನಿಗೆ ಅದೇ ಬೇಜಾರು. ಮುಳ್ಳಿನ ತುದಿ ಹೊರಬಂದದ್ದು ಸಾಗರಕ್ಕೆ ಬಂದು ಎಂಟನೆಯ ದಿನ, ಬಚ್ಚಲಲ್ಲಿ. ಸಾಸಿವೆ ಕಾಳಿಗಿಂತ ಚಿಕ್ಕದು.